ಸದ್ಯ

ಮೆಣಸಿನಕಾಳಿನ ಬಣ್ಣ, ಅದಕ್ಕೇ ಪಿಪರ್ ಅಂತ ಕರೆದಳು ಮಗಳು.
ಮೂವತ್ತೆಂಟು ಗ್ರಾಂ ಹ್ಯಾಮ್‌ಸ್ಟರ್.
ಅಡುಗೆಮನೆಯ ತಕ್ಕಡಿಯಲ್ಲಿ ಭಾನುವಾರಕ್ಕೊಮ್ಮೆ ತೂಗಿ
ಗೋಡೆಯ ಮೇಲೆ ಬರೆಯುತ್ತಿದ್ದಳು.
ಕೊನೆಯ ಅಂಕಿಯ ಪಕ್ಕ ನಗುವ ಮೂತಿ ಬೇರೆ.

ಸೋಮವಾರ ಬೇಕರಿಗೆ ಫೋನು ಬಂದಾಗ
ನನ್ನ ಮೊಣಕೈವರೆಗೂ ರೈ ಹಿಟ್ಟು.
'ಅಮ್ಮಾ, ಪಿಪರ್ ತಣ್ಣಗಿದೆ' ಅಷ್ಟೇ ಅಂದಳು ಮಾರಿಟ್.
ಕೆನ್ನೆಚೀಲದಲ್ಲಿ ಎರಡು ಸೂರ್ಯಕಾಂತಿ ಬೀಜ ಹಾಗೇ ಇದ್ದವಂತೆ,
ನಾಳೆಗೆ ಅಂತ ಎತ್ತಿಟ್ಟದ್ದು.

ತಾರ್ತುವಿನಲ್ಲಿ ಅವತ್ತು ಮೈನಸ್ ಇಪ್ಪತ್ತೊಂದು.
ನದಿ ತನಗೆ ತಾನೇ ಮುಚ್ಚಳ ಹಾಕಿಕೊಂಡಿತ್ತು.

ಚಳಿಗೆ ಅವು ಸತ್ತಂತೆ ಮಲಗುತ್ತವೆ,
ಗಂಟೆಗೆ ನಾಲ್ಕು ಸಲ ಉಸಿರು, ಕಣ್ಣಿಗೆ ಕಾಣುವುದಿಲ್ಲ,
ಅಂದಳು ಮೇಲಿನ ಮನೆಯ ವಿದ್ಯಾರ್ಥಿನಿ.
ಹಾಗಾಗಿ ದಿನವಿಡೀ ಒಲೆಯ ಪಕ್ಕ ಕೂತೆವು,
ಅಂಗೈಯಿಂದ ಅಂಗೈಗೆ ಸರದಿ ಬದಲಾಯಿಸುತ್ತ.
ಮೀಸೆ ಅಲ್ಲಾಡಿದಂತಾಯಿತು ಒಮ್ಮೆ.
ನನ್ನದೇ ಉಸಿರು ತಾಗಿತ್ತು.

ಮೊದಲು ಬಾಯಿಬಿಟ್ಟದ್ದು ಅತ್ತೆ ಉರ್ವೆ.
ಕೆಂಡ ಇನ್ನೂ ನೀಲಿಯಾಗಿ ಆಡುತ್ತಿದ್ದಾಗಲೇ
ಹೊಗೆಗೂಡಿನ ತಗಡು ತಳ್ಳಿಬಿಟ್ಟೆ, ಎಂದರು.
ಕಾಸು ಕೊಟ್ಟು ಕೊಂಡ ಶಾಖ ಆಕಾಶದ ಪಾಲಾಗುವುದು
ಅವರಿಗೆ ನೋಡಲಾಗದು.
ಬಣ್ಣವಿಲ್ಲದ, ವಾಸನೆಯಿಲ್ಲದ ಆ ವಿಷ
ದೊಡ್ಡವರಿಗೆ ತಲೆನೋವು, ಮಕ್ಕಳಿಗೆ ತೂಕಡಿಕೆ.
ಮೂವತ್ತೆಂಟು ಗ್ರಾಮಿಗೆ ಇಡೀ ರಾತ್ರಿ ಯಾಕೆ ಬೇಕು?
'ನಿನಗೆ ತಲೆ ನೋಯುತ್ತಿತ್ತಾ?' ಎಂದು ನನ್ನ ಕಣ್ಣೊಳಗೆ ಹುಡುಕಿದರು.
ನನಗೆ ದಿನಾ ನೋಯುತ್ತದೆ.
ಅದು ಸಾಕ್ಷಿಗೆ ಬರುತ್ತದೋ ಇಲ್ಲವೋ.

ಹೆಲ್ದುರ್ ತಲೆ ತಗ್ಗಿಸಿ ಬಾಣಲೆ ತಂದು ಮೇಜಿನ ಮೇಲಿಟ್ಟ.
ಒಲೆಯ ಮೇಲೆ ಮರೆತಿದ್ದನಂತೆ, ಖಾಲಿ ಬಾಣಲೆ,
ಅಂಟದ ಲೇಪವೆಲ್ಲ ಹೊಗೆಯಾಗುವ ತನಕ.
ಅದು ಹಕ್ಕಿಗಳಿಗೆ ಅಲ್ವೇನೋ, ಅಂದೆ.
ಹೆಂಡತಿ ಕ್ಷಮಿಸಿದಳೆಂದು ಅವನಿಗೆ ಕೋಪ ಬಂತು.

ಮಾರಿಟ್ ರಾತ್ರಿ ಕಂಬಳಿಯೊಳಗಿಂದ ಹೇಳಿದಳು:
ಕ್ರಿಸ್‌ಮಸ್ಸಿನ ಮಾರ್ಜಿಪಾನು. ಉಗುರಿನಷ್ಟು. ಅದೇ ಕೇಳಿತು.
'ಹೇಗೆ ಕೇಳಿತು?'
'ನೋಡಿತು.'

ಡಾಕ್ಟರ್ ಸಿರ್ಯೆಯ ಕತ್ತರಿ ಕಸೂತಿಯವರ ಕತ್ತರಿಯಂತಿತ್ತು.
ಹೊಟ್ಟೆ ಸರಿ. ಕರುಳು ಸರಿ.
ಶ್ವಾಸಕೋಶ ಸ್ವಲ್ಪ ಜಾಸ್ತಿಯೇ ಕೆಂಪಿರಬಹುದು, ದೀಪದ ಬೆಳಕೂ ಇರಬಹುದು.
ಹೃದಯ ಬಟಾಣಿಗಿಂತ ಚಿಕ್ಕದು,
ಅದರೊಳಗೆ ಏನು ತಪ್ಪಿತೆಂದು ಓದಲು
ನನ್ನ ಕಣ್ಣು ಸಾಲದು, ಎಂದಳು.
ವಯಸ್ಸು ಎರಡು ವರ್ಷವೇ? ನಮ್ಮ ಲೆಕ್ಕದಲ್ಲಿ ಅದು ಅಜ್ಜಿ.
ಕೆಲವು ಸಲ ಕಾರಣ ಇರುತ್ತದೆ, ಸಿಗುವುದಿಲ್ಲ.
ಹಣ ಬೇಡ ಅಂದಳು.
ಹೊಗೆಯ ಎಚ್ಚರಗಂಟೆಯೊಂದು ಇವತ್ತೇ ಕೊಳ್ಳಿ, ಅಂದಳು,
ಹೆಲ್ದುರ್ ಕಡೆ ನೋಡದೆ, ಉರ್ವೆಯ ಕಡೆಯೂ ನೋಡದೆ.

ನೆಲ ಗುದ್ದಲಿಗೆ ಬಗ್ಗುವುದು ಏಪ್ರಿಲ್‌ನಲ್ಲಿ.
ಅಲ್ಲಿಯವರೆಗೆ ಪುದೀನಾ ಪೆಪ್ಪರ್‌ಮಿಂಟಿನ ಡಬ್ಬಿಯೊಳಗೆ
ಫ್ರೀಜರಿನಲ್ಲಿದೆ ಪಿಪರ್,
ಉರ್ವೆ ಕಾಡಿನಿಂದ ಆರಿಸಿ ತಂದ ಕೆಂಪು ಹಣ್ಣುಗಳ ಪಕ್ಕ.
ಈ ವರ್ಷ ಜಾಮ್ ಮಾಡಲು ಯಾರೂ ಆ ಕಡೆ ಕೈಹಾಕಿಲ್ಲ.

ಎಲ್ಲರೂ ಹೇಳಿ ಹಗುರಾದರು.
ಗೋಡೆಯ ಮೇಲೆ ಹಸಿರು ದೀಪ ಮಿಣುಕುತ್ತದೆ.

ನಾನು ಏಳುವುದು ನಾಲ್ಕಕ್ಕೆ.
ಆ ಚಕ್ರ ರಾತ್ರಿಯೆಲ್ಲ ಕಿರ್ರೋ ಅನ್ನುತ್ತಿತ್ತು,
ಎಣ್ಣೆ ಬಿಡು ಅಂತ ಮೂರು ವಾರದಿಂದ ಹೇಳುತ್ತಿದ್ದೆ.
ಅವತ್ತೂ ಓಡಿತು, ಓಡಿತು,
ಎಲ್ಲಿಗೂ ಹೋಗದೆ ಓಡಿತು,
ನಡುವೆಯೇ ನಿಂತುಹೋಯಿತು.
ಗಡಿಯಾರ ನೋಡಿದೆ. ಮೂರೂ ನಲವತ್ತು.
ಸದ್ಯ, ಅಂದುಕೊಂಡೆ.
ಮಗ್ಗುಲು ಬದಲಿಸಿದೆ.

ಆ ಇಪ್ಪತ್ತು ನಿಮಿಷದಂಥ ನಿದ್ದೆ
ಈ ಚಳಿಗಾಲದಲ್ಲಿ ಮತ್ತೆ ಬಂದಿಲ್ಲ.